ಕೆಂಪು ಪೆನ್ನು ನನ್ನ ಕೈಯಲ್ಲಿತ್ತು



ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನನ್ನದೇ ಒಂದು ತಪ್ಪಿನ ಬಗ್ಗೆ ಬರೀತಿದ್ದೀನಿ.

ಮಾಕಳಿಯಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಸೇರ್ತೀವಿ. ಯಶವಂತಪುರದ ಕಡೆಯವರು ಮಾದಾವರದವರೆಗೆ ಮೆಟ್ರೋದಲ್ಲಿ ಬಂದು ಅಲ್ಲಿಂದ ಬಸ್ ಹಿಡೀತಾರೆ. ಬರೆದದ್ದನ್ನು ಓದೋದು, ಉಳಿದವರು ಅಭಿಪ್ರಾಯ ಹೇಳೋದು, ತಿದ್ದಿಕೊಂಡು ಮುಂದಿನ ಸಲ ಮತ್ತೆ ಓದೋದು. ಇಷ್ಟೇ.

ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಒಬ್ಬ ತಂಗಿ ತನ್ನ ಅವ್ವನ ಬಗ್ಗೆ ನಾಲ್ಕು ಪುಟ ಬರೆದು ತಂದಳು. "ತಿದ್ದಿ ಕೊಡಿ ಅಣ್ಣ" ಅಂದಳು. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕರಡು, ಟಿಪ್ಪಣಿ ತಿದ್ದೋದೇ ಕೆಲಸ. ಮನೇಲಿ ಕೂತು ಕೆಂಪು ಪೆನ್ನಲ್ಲಿ ತಿದ್ದಿದೆ. 'ಅಸಿವು' ಇದ್ದ ಕಡೆಯೆಲ್ಲ 'ಹಸಿವು' ಆಯ್ತು. 'ಅವ್ವ ಇತ್ಲ ಬಾಗ್ಲಾಗೆ ಸೆರಗೊಡ್ಡಿ ಇಟ್ಟು ಇಸ್ಕೊತಿದ್ಲು' ಅನ್ನೋದು 'ತಾಯಿಯವರು ಹಿತ್ತಲ ಬಾಗಿಲಿನಲ್ಲಿ ಆಹಾರವನ್ನು ಸ್ವೀಕರಿಸುತ್ತಿದ್ದರು' ಆಯ್ತು.

ಮುಂದಿನ ಸಭೆಯಲ್ಲಿ ಆಕೆ ಅದನ್ನೇ ಓದೋಕೆ ಶುರು ಮಾಡಿ ಎರಡನೇ ಪುಟಕ್ಕೆ ನಿಲ್ಲಿಸಿದಳು. "ಬೇಜಾರು ಮಾಡ್ಕೋಬೇಡಿ ಅಣ್ಣ. ಇದು ನಮ್ಮವ್ವ ಅಲ್ಲ."

ನೋಡಿದೆ. ಸೆರಗು ಮಾಯವಾಗಿತ್ತು. ಆ ಅವಮಾನವನ್ನ ನಾನು ಒಂದೇ ಗೀಟಿನಲ್ಲಿ ಹೊಡೆದುಹಾಕಿದ್ದೆ.

ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು ನನ್ನನ್ನ ಎದ್ದು ನಿಲ್ಲಿಸಿ 'ಹಾಲು' ಅನ್ನಿಸೋರು. ನಾನು 'ಆಲು' ಅಂದ ಕೂಡಲೇ ಇಡೀ ಕ್ಲಾಸು ನಗೋದು. ನಲವತ್ತು ದಾಟಿದ ಮೇಲೆ ಆ ಮೇಷ್ಟ್ರ ಕೆಲಸಾನೇ ನಾನು ಮಾಡಿದ್ದೆ.

ದೇವನೂರ ಮಹಾದೇವ ಅವರ 'ಕುಸುಮಬಾಲೆ' 1984ರಲ್ಲಿ ಬಂತು. ತಮ್ಮ ಸೀಮೆಯ ಆಡುಮಾತಲ್ಲೇ ಬರೆದ್ರು. ಅರ್ಥ ಆಗಲ್ಲ ಅಂದವರು ಬೇಕಾದಷ್ಟು ಜನ. 1990ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದನ್ನ ಎಷ್ಟೋ ಸಭೆಗಳಲ್ಲಿ ಮೈಕ್ ಹಿಡಿದು ಹೇಳಿದವನು ನಾನು. ನಮ್ಮ ತಂಗಿಯ ಹಾಳೆ ಕೈಗೆ ಬಂದಾಗ ನೆನಪಾಗ್ಲಿಲ್ಲ.

ಹಾಗಂತ ತಿದ್ದಲೇಬಾರದಾ? ನಮ್ಮಲ್ಲಿ ಇನ್ನೊಂದು ರೋಗವೂ ಇದೆ. ನಮ್ಮವರು ಕವನ ಓದಿದ್ರೆ "ಬೆಂಕಿ" ಅಂತೀವಿ, ಚಪ್ಪಾಳೆ ಹೊಡೀತೀವಿ, ಟೀ ಕುಡಿದು ಏಳ್ತೀವಿ.

1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ ಬಾಬಾಸಾಹೇಬರನ್ನ ಸಮ್ಮೇಳನದ ಅಧ್ಯಕ್ಷತೆಗೆ ಕರೆದು, ಭಾಷಣದ ಕೆಲವು ಭಾಗ ತೆಗೀಬೇಕು ಅಂತು. ಒಂದು ಅಲ್ಪವಿರಾಮವನ್ನೂ ಬದಲಾಯಿಸಲ್ಲ ಅಂದ್ರು. ಸಮ್ಮೇಳನ ರದ್ದಾಯ್ತು, 'ಜಾತಿ ವಿನಾಶ'ವನ್ನ ತಾವೇ ಅಚ್ಚು ಹಾಕಿಸಿದ್ರು. ಅದೇ ಬಾಬಾಸಾಹೇಬರು 1937ರ ಎರಡನೇ ಮುದ್ರಣಕ್ಕೆ ಗಾಂಧಿಯವರ ಟೀಕೆಯನ್ನೂ ಅದಕ್ಕೆ ತಮ್ಮ ಉತ್ತರವನ್ನೂ ಸೇರಿಸಿದ್ರು. ಇನ್ನೊಂದು ಪ್ರಬಂಧ ಸೇರಿಸಿ ಇದನ್ನ ಹೊಸದಾಗಿ ರೂಪಿಸಬೇಕೂಂತಿತ್ತು, ಸಮಯ ಸಿಗಲಿಲ್ಲ ಅಂತ 1944ರ ಮೂರನೇ ಮುದ್ರಣದ ಮುನ್ನುಡಿಯಲ್ಲಿ ಹೇಳಿದ್ದಾರೆ. ಬಾಯಿ ಮುಚ್ಚಿಸೋ ತಿದ್ದುಪಡಿ ಯಾವುದು, ಮಾತು ಗಟ್ಟಿ ಮಾಡೋ ತಿದ್ದುಪಡಿ ಯಾವುದು ಅಂತ ಅವರಿಗೆ ಗೊತ್ತಿತ್ತು.

ಅವತ್ತು ನಮ್ಮ ಸಭೆಯಲ್ಲಿದ್ದ ಹಿರಿಯ ಅಕ್ಕ ಒಬ್ಬರು ಒಂದೇ ಪ್ರಶ್ನೆ ಕೇಳಿದ್ರು: "ನಿಮ್ಮವ್ವ ಸೆರಗೊಡ್ಡಿದಾಗ ನೀನೆಲ್ಲಿದ್ದೆ ಮಗಾ?"

ತಂಗಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, "ಮರೆಗೆ ನಿಂತಿದ್ದೆ ಅಕ್ಕ. ಅದು ನನ್ನ ಕ್ಲಾಸಿನ ಹುಡುಗಿ ಮನೆ."

ಆ ನಾಲ್ಕು ಪುಟದಲ್ಲಿ ಇದು ಇರಲೇ ಇಲ್ಲ. ಮುಂದಿನ ತಿಂಗಳು ಆರು ಪುಟ ಬರೆದು ತಂದಳು. ತಾನು ಹೇಳುವ ಕಡೆ 'ಹಸಿವು' ಅಂತಲೇ ಇಟ್ಟುಕೊಂಡಿದ್ದಳು, ಅವ್ವ ಆಡುವ ಕಡೆ 'ಅಸಿವು' ಹಾಗೇ ಬಿಟ್ಟಿದ್ದಳು. ಯಾಕೆ ಅಂತ ನಾವು ಕೇಳಲಿಲ್ಲ. ಅದು ಆಕೆಯ ತೀರ್ಮಾನ.

ಈಗ ನಮ್ಮಲ್ಲಿ ಒಂದು ಪದ್ಧತಿ ಮಾಡ್ಕೊಂಡಿದ್ದೀವಿ. ಮೊದಲು ಪ್ರಶ್ನೆ ಕೇಳಬೇಕು. ಕಾಗುಣಿತ ಕೊನೆಗೆ, ಬರೆದವರನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಪೆನ್ಸಿಲಲ್ಲಿ. ಕೆಂಪು ಪೆನ್ನನ್ನ ಆಫೀಸಲ್ಲೇ ಬಿಟ್ಟು ಬರ್ತೀನಿ.

ಬರೆದು ಇಟ್ಟುಕೊಂಡಿರೋರು ಮಾಕಳಿಗೆ ಬನ್ನಿ, ಕೂತು ಓದೋಣ.

ಜೈ ಭೀಮ್.