ಹಸಿರು ಇಂಕಿನ ಸಹಿ

ಇಂಟರ್‌ವ್ಯೂಗೆ ತಯಾರಿ ಅಂದರೆ ಈಗಿನ ಮಕ್ಕಳು ಫೋನನ್ನು ಎದುರಿಗಿಟ್ಟುಕೊಂಡು ತಮ್ಮ ಪರಿಚಯ ತಾವೇ ಹೇಳಿ, ರೆಕಾರ್ಡ್ ಮಾಡಿ, ಮತ್ತೆ ಕೇಳಿ ಮುಖ ಸಿಂಡರಿಸುತ್ತಾರೆ. ತೊಂಬತ್ತರ ದಶಕದಲ್ಲಿ ಓದು ಮುಗಿಸಿದ ನಮ್ಮ ಮಿಡಿಗೇಶಿ ಹೋಬಳಿಯವರಿಗೆ ತಯಾರಿ ಅಂದರೆ ಅಲೆದಾಟ. ಕರೆಪತ್ರದಲ್ಲಿ, ಪ್ರಯಾಣ ಭತ್ಯೆ ಕೊಡಲಾಗುವುದಿಲ್ಲ ಎಂಬ ಸಾಲಿಗಿಂತ ತುಸು ಮೇಲೆ, ಎಲ್ಲ ಪ್ರಮಾಣಪತ್ರಗಳ ನಕಲುಗಳನ್ನು ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿ ತರತಕ್ಕದ್ದು ಎಂದಿರುತ್ತಿತ್ತು. ಅಲ್ಲಿಗೆ ಸಾಮಾನ್ಯ ಜ್ಞಾನದ ಪುಸ್ತಕ ಮೂಲೆ ಸೇರಿ, ಗೆಜೆಟೆಡ್ ಆಫೀಸರ್ ಬೇಟೆ ಶುರುವಾಗುತ್ತಿತ್ತು.

ಗೆಜೆಟೆಡ್ ಅಂದರೆ ಸರ್ಕಾರದ ಗೆಜೆಟ್ಟಿನಲ್ಲಿ ನೇಮಕಾತಿ ಅಚ್ಚಾದವರು. ಮೈಸೂರು ಸೀಮೆಯಲ್ಲಿ ಗೆಜೆಟ್ ಹೊರಟದ್ದು 1866ರಲ್ಲಿ, ಬ್ರಿಟಿಷ್ ಕಮಿಷನರ ಆಳ್ವಿಕೆಯ ಕಾಲದಲ್ಲಿ. ಇವತ್ತಿನ ಕರ್ನಾಟಕ ರಾಜ್ಯಪತ್ರದ ತಲೆಯ ಮೇಲಿನ ಸಂಪುಟ ಸಂಖ್ಯೆಯ ಲೆಕ್ಕ ಅಲ್ಲಿಂದಲೇ ನಡೆದುಬಂದಿದೆ. ಅದರಲ್ಲಿ ಹೆಸರು ಬಂದವರ ಸಹಿಗೆ ಬೆಲೆ, ಬಾರದವರದಕ್ಕೆ ಇಲ್ಲ. ಹೀಗಾಗಿ ನಮ್ಮ ಕಡೆ ಒಂದು ತಮಾಷೆ ನಡೆಯುತ್ತಿತ್ತು. ಸಬ್ ಇನ್‌ಸ್ಪೆಕ್ಟರ್ ಜೀಪು ಕಂಡರೆ ಸಂತೆಯೇ ಗಪ್‌ಚಿಪ್ ಆಗುತ್ತಿತ್ತು. ಆದರೆ ಅವರ ಸಹಿ ಮಾರ್ಕ್ಸ್ ಕಾರ್ಡಿಗೆ ನಡೆಯದು. ಬ್ಯಾಂಕ್ ಮ್ಯಾನೇಜರ್ ಲಕ್ಷಗಟ್ಟಲೆ ಸಾಲ ಕೊಡಬಲ್ಲರು, ಅವರದೂ ನಡೆಯದು. ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರು, ಆಸ್ಪತ್ರೆ ಡಾಕ್ಟರು, ದನದ ಡಾಕ್ಟರು, ಇವರದು ನಡೆಯುತ್ತಿತ್ತು. ಹೆಡ್‌ಮಾಸ್ಟರು ಮೀಟಿಂಗಿಗೆ ಮಧುಗಿರಿಗೆ ಹೋಗಿರುತ್ತಿದ್ದರು. ಆಸ್ಪತ್ರೆಯಲ್ಲಿ ಜ್ವರದವರ ಸಾಲಿನಲ್ಲಿ ಚೀಟಿ ಮಾಡಿಸಿ ನಿಲ್ಲಬೇಕು, ಡಾಕ್ಟರು ತಲೆ ಎತ್ತದೆ “ಎಷ್ಟು ದಿನದಿಂದ?” ಅಂದರೆ “ಮಾರ್ಕ್ಸ್ ಕಾರ್ಡ್ ಸಾರ್” ಅನ್ನಬೇಕು. ಉಳಿದವರು ದನದ ಡಾಕ್ಟರು.

ನಾನು ಹೋದಾಗ ಅವರು ಕಬ್ಬಿಣದ ಕಂಬಿಗಳ ನಡುವೆ ನಿಲ್ಲಿಸಿದ್ದ ಒಂದು ಹಸುವಿನ ಹಿಂದೆ ಇದ್ದರು. ಭುಜದವರೆಗೆ ಕೈಗವಸು, ಭುಜದವರೆಗೂ ಕೈ ಒಳಗೆ. ಹಸುವಿನ ಯಜಮಾನ ಹಗ್ಗ ಹಿಡಿದುಕೊಂಡು “ಗಬ್ಬ ಆಗೈತಾ ಸಾಮಿ?” ಎಂದು ಕೇಳುತ್ತಲೇ ಇದ್ದ. ಡಾಕ್ಟರು ಕಣ್ಣು ಮುಚ್ಚಿ ಯೋಚಿಸಿ “ಮೂರು ತಿಂಗಳು” ಅಂದು ಕೈ ತೆಗೆದರು. ಅದೇ ಗಾಂಭೀರ್ಯದಲ್ಲಿ ನನ್ನ ಕಡೆ ತಿರುಗಿ “ನಿಂದೇನಮ್ಮ?” ಅಂದರು. ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಮೇಜಿಗೆ ಬಂದು ಮೂಲವನ್ನೂ ಜೆರಾಕ್ಸನ್ನೂ ಪಕ್ಕಪಕ್ಕ ಇಟ್ಟು ನಿಜವಾಗಿಯೂ ಓದಿದರು. ಓದುವ ಅಧಿಕಾರಿ ಸಿಗುವುದು ಅಪರೂಪ.

“ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವತ್ತೆಂಟು. ಡಿಗ್ರೀಲಿ ಫಸ್ಟ್ ಕ್ಲಾಸು. ಏನಮ್ಮ ಇದು?”

“ಹೈಸ್ಕೂಲಲ್ಲಿ ಗಣಿತಕ್ಕೆ ಮೇಷ್ಟ್ರು ಇರ್ಲಿಲ್ಲ ಸಾರ್.”

“ಅಲ್ಲೂ ಇದನ್ನ ಕೇಳ್ತಾರೆ. ಹೀಗೇ ಹೇಳು. ಅಳುಮೋರೆ ಮಾಡ್ಕೊಂಡು ಹೇಳ್ಬೇಡ.”

ಸ್ಟ್ಯಾಂಪ್ ಪ್ಯಾಡು ಒಣಗಿ ಹೋಗಿತ್ತು. ಸೀಲನ್ನು ಬಾಯಿಯ ಹತ್ತಿರ ಹಿಡಿದು ‘ಹಾ’ ಎಂದು ಉಸಿರು ಕೊಟ್ಟು ಗುದ್ದಿದರು. “ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ” ಎಂಬುದು ಅರ್ಧ ಮೂಡಿತು. ಜೇಬಿನಿಂದ ಹಸಿರು ಪೆನ್ನು ತೆಗೆದು ಅದರ ಮೇಲೆ ಸಹಿ ಎಳೆದರು. ಬೆಂಗಳೂರಿನವರು ನಡೆಸುವ ಸಂದರ್ಶನಕ್ಕೆ ಮುಂಚೆ ನನ್ನ ಮೊದಲ ಸಂದರ್ಶನ ಹೀಗೆ ಪಶು ಆಸ್ಪತ್ರೆಯಲ್ಲೇ ಮುಗಿಯಿತು.

ತಾಳೆ ನೋಡುವುದಕ್ಕೆ ಅರ್ಥವಿದ್ದ ಕಾಲವೊಂದಿತ್ತು. ನಮ್ಮ ದೊಡ್ಡಪ್ಪ ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಜೆರಾಕ್ಸ್ ಎಂಬುದು ಈ ಕಡೆ ಬಂದಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿಗೆ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಬಂದಾಗ ಊರೂರಿನ ಹುಡುಗರು ಅರ್ಜಿ ಬರೆದರು. ದೊಡ್ಡಪ್ಪ ಮಾರ್ಕ್ಸ್ ಕಾರ್ಡನ್ನು ಪಂಚೆಯ ಮಡಿಕೆಯಲ್ಲಿಟ್ಟುಕೊಂಡು ಮಧುಗಿರಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಕೂತನಂತೆ. ಟೈಪಿಸ್ಟು ಇಡೀ ಕಾರ್ಡನ್ನು ಕಣ್ಣಿನಲ್ಲಿ ಓದಿ ಬೆರಳಿನಲ್ಲಿ ಬಡಿದು ಕೊಡಬೇಕು: ವಿಷಯ, ಗರಿಷ್ಠ, ಕನಿಷ್ಠ, ಬಂದ ಅಂಕ. ಸಹಿ ಇದ್ದ ಕಡೆ ‘ಎಸ್‌ಡಿ’ ಎಂದು ಹೊಡೆದು, ಬುಡದಲ್ಲಿ ‘ಟ್ರೂ ಕಾಪಿ’. ನಡುವೆ ಕಾರ್ಬನ್ ಇಟ್ಟು ಒಂದೇ ಏಟಿಗೆ ಮೂರು ಪ್ರತಿ. ಮೂರನೆಯದರಲ್ಲಿ 6 ಯಾವುದು, 8 ಯಾವುದು ಎಂದು ಕಂಡುಹಿಡಿಯಲು ಬಿಸಿಲಿಗೆ ಹಿಡಿಯಬೇಕು. ಟೈಪಿಸ್ಟಿನ ಬೆರಳು ಜಾರಿದರೆ ಫೇಲಾದವನು ಪಾಸು, ಪಾಸಾದವನು ಫೇಲು. ಆಗ ಅಧಿಕಾರಿ ಮೂಲ ಹಿಡಿದು ಓದುವುದು, ಗುಮಾಸ್ತ ನಕಲಿನ ಮೇಲೆ ಪೆನ್ಸಿಲ್ ಆಡಿಸುವುದು ನಿಜವಾದ ಕೆಲಸವೇ ಆಗಿತ್ತು. ಕಾರ್ಖಾನೆಯ ಕೆಲಸ ಯಾರ್ಯಾರಿಗಾಯಿತೋ, ನಮ್ಮ ಹೋಬಳಿಯ ಕೈಗಳಿಗಂತೂ ವಾಚು ಬಂತು. 2016ರಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆಗಳು ಬಾಗಿಲು ಹಾಕಿದಾಗಲೂ ದೊಡ್ಡಪ್ಪನದು ಓಡುತ್ತಿತ್ತು.

ಟೈಪಿಸ್ಟಿನ ಈ ಪಾಡನ್ನು ತಪ್ಪಿಸಿದವನು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್. ಅವನ ಕಥೆ ಕೆಲಸ ಹುಡುಕುವವರೆಲ್ಲ ಕೇಳಬೇಕಾದ್ದು. ಭೌತಶಾಸ್ತ್ರದ ಪದವಿ ಹಿಡಿದು 1930ರಲ್ಲಿ ಕಾಲೇಜಿನಿಂದ ಹೊರಬಿದ್ದಾಗ ಆರ್ಥಿಕ ಕುಸಿತ. 82 ಕಂಪನಿಗಳಿಗೆ ಬರೆದ. ಕೆಲಸ ಕೊಡುತ್ತೇವೆಂದವರು ಒಬ್ಬರೂ ಇಲ್ಲ. ಹೇಗೋ ನ್ಯೂಯಾರ್ಕಿನಲ್ಲಿ ನೆಲೆ ಸಿಕ್ಕಿ, ಪೇಟೆಂಟ್ ವಿಭಾಗದ ಕಾಗದಪತ್ರಗಳಲ್ಲಿ ಮುಳುಗಿದ. ನಕಲು ಬೇಕೆಂದರೆ ಕೈಯಲ್ಲಿ ಬರೆಯಬೇಕು ಇಲ್ಲವೇ ಟೈಪ್ ಹೊಡೆಸಬೇಕು, ಅವನಿಗೋ ಸಂಧಿವಾತ. ಬೇಸತ್ತು ತಾನೇ ಒಂದು ದಾರಿ ಹುಡುಕಿ, 1938ರ ಅಕ್ಟೋಬರ್ 22ರಂದು ಗಂಧಕ ಸವರಿದ ಸತುವಿನ ಹಲಗೆಯಿಂದ ಆ ದಿನದ ತಾರೀಖನ್ನೇ ಕಾಗದದ ಮೇಲೆ ಮೂಡಿಸಿದ. ಅದು ಅಂಗಡಿಗಿಡುವಂಥ ಯಂತ್ರವಾಗಿ ಜೆರಾಕ್ಸ್ 914 ಎಂಬ ಹೆಸರಿನಲ್ಲಿ ಹೊರಬರುವಷ್ಟರಲ್ಲಿ 1959. ಮಧುಗಿರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತಿನ ಮೂಲೆಯಲ್ಲಿ ಅದರ ಮೊಮ್ಮಕ್ಕಳು ಬಂದು ಕೂರುವಷ್ಟರಲ್ಲಿ ನಾವು ಕಾಲೇಜಿನಲ್ಲಿದ್ದೆವು.

ವಿಚಿತ್ರ ಏನೆಂದರೆ, ಬೆರಳು ಜಾರುವ ಟೈಪಿಸ್ಟ್ ಹೋದರೂ ಅವನ ಮೇಲೆ ಕಣ್ಣಿಡಲು ಇದ್ದ ಸೀಲು ಹೋಗಲಿಲ್ಲ. ಮೂಲದಲ್ಲಿದ್ದ ಸಾಂಬಾರಿನ ಕಲೆಯನ್ನೂ ಬಿಡದೆ ಇಳಿಸುವ ಯಂತ್ರ ಸುಳ್ಳು ಹೇಳಿಲ್ಲವೆಂದು ದನದ ಡಾಕ್ಟರು ಸಾಕ್ಷಿ ನುಡಿಯಬೇಕು. ಇನ್ನೂ ಇಪ್ಪತ್ತು ವರ್ಷ ಹಾಗೇ ನಡೆಯಿತು.

ಹಸಿರು ಇಂಕಿನದೂ ಇಂಥದೇ ಕಥೆ. ಹಸಿರಿದ್ದರೇ ಗೆಜೆಟೆಡ್ ಎಂದು ನಾವು ನಂಬಿದ್ದೆವು. ನೀಲಿಯಲ್ಲಿ ಸಹಿ ಮಾಡಿದ ಬಡಪಾಯಿ ಅಧಿಕಾರಿಯನ್ನು “ಸಾರ್, ಹಸಿರಲ್ಲಿ ಹಾಕ್ಕೊಡಿ” ಎಂದು ಗೋಗರೆದವರಿದ್ದಾರೆ. ಕೇಂದ್ರ ಸರ್ಕಾರದ ಕಚೇರಿ ಕಾರ್ಯವಿಧಾನದ ಕೈಪಿಡಿ ನೋಡಿದರೆ ಎಲ್ಲರಿಗೂ ನೀಲಿ ಅಥವಾ ಕಪ್ಪು; ಹಸಿರು, ಕೆಂಪು ಏನಿದ್ದರೂ ಜಂಟಿ ಕಾರ್ಯದರ್ಶಿ ಮತ್ತು ಅವರಿಗಿಂತ ಮೇಲಿನವರಿಗೆ, ಅದೂ ಅಪರೂಪಕ್ಕೆ. ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಮೊದಲ ಮುಖ್ಯಸ್ಥ ಮ್ಯಾನ್ಸ್‌ಫೀಲ್ಡ್ ಕಮಿಂಗ್ ‘ಸಿ’ ಎಂಬ ಒಂಟಿ ಅಕ್ಷರವನ್ನು ಹಸಿರಿನಲ್ಲಿ ಬರೆದು ಸಹಿ ಮಾಡುತ್ತಿದ್ದ. ಅವನ ಕುರ್ಚಿಗೆ ಬಂದವರು ಇವತ್ತಿಗೂ ಅದನ್ನೇ ಪಾಲಿಸುತ್ತಾರೆ. ಲಂಡನ್ನಿನ ಗೂಢಚಾರರ ಯಜಮಾನನೂ ನಮ್ಮ ಹಸುವಿನ ಡಾಕ್ಟರೂ ಒಂದೇ ಬಣ್ಣದ ಪೆನ್ನು ಹಿಡಿದಿದ್ದರು ಎಂಬುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಕೊನೆಕೊನೆಗೆ ಇದೊಂದು ನಾಟಕ ಎಂದು ಎಲ್ಲರಿಗೂ ಗೊತ್ತಾಗಿತ್ತು. ಇಲ್ಲದ ಊರಿನ ಇಲ್ಲದ ಪ್ರಿನ್ಸಿಪಾಲರ ಸೀಲು ಮಾಡಿಸಿಟ್ಟುಕೊಂಡು ಹಾಸ್ಟೆಲಿಗೆಲ್ಲ ದೃಢೀಕರಣ ದಯಪಾಲಿಸುವ ಹುಡುಗರಿದ್ದರು. ನಿಜವಾದ ಸರ್ಟಿಫಿಕೇಟಿಗೆ ಸುಳ್ಳು ಸಾಕ್ಷಿ! ಇದಕ್ಕೆ ಮುಕ್ತಿ ಕೊಡಿ ಎಂದವರಲ್ಲಿ ನಮ್ಮವರೇ ಒಬ್ಬರಿದ್ದಾರೆ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2009ರಲ್ಲಿ ಕೊಟ್ಟ ತನ್ನ 12ನೇ ವರದಿಯಲ್ಲಿ, ಜನ ತಮ್ಮ ಕಾಗದಕ್ಕೆ ತಾವೇ ಸಹಿ ಮಾಡಿದರೆ ಸಾಕು ಎಂದಿತು. ರಾಮಾಯಣವನ್ನು ಮಹಾಕಾವ್ಯವಾಗಿ ಬರೆದ ಮೊಯಿಲಿಯವರಿಗೆ ಅಗ್ನಿಪರೀಕ್ಷೆಯ ಕಷ್ಟ ಗೊತ್ತಿರಲೇಬೇಕು. 2013ರ ಮೇ ತಿಂಗಳಲ್ಲಿ ಕೇಂದ್ರದ ಆಡಳಿತ ಸುಧಾರಣಾ ಇಲಾಖೆ ಆ ವರದಿಯನ್ನು ನೆನಪಿಸಿ ಪತ್ರ ಬರೆಯಿತು. 2014ರ ನಂತರ ಸ್ವಯಂ ದೃಢೀಕರಣ ಊರೂರಿಗೆ ಬಂತು. ದನದ ಡಾಕ್ಟರು ದನಗಳನ್ನು ನೋಡಿಕೊಂಡು ಆರಾಮಾದರು.

ನನ್ನ ಸಂದರ್ಶನ ಏನಾಯಿತು ಎಂದರೆ, ಹೇಳುವಂಥದ್ದೇನಿಲ್ಲ. ಊರಿನ ವಿಶೇಷ ಕೇಳುತ್ತಾರೆಂದು ಗೈಡಿನಲ್ಲಿತ್ತು. ಬೆಟ್ಟದ ಮೇಲಿನ ಕೋಟೆ, ಹಿಮ್ಮಡಿ ಮುಟ್ಟುವ ಕೂದಲಿನ ರಾಣಿ, ಅವಳಿಂದ ಊರಿಗೆ ಹೆಸರು ಬಂದ ಕಥೆ, ಎಲ್ಲವನ್ನೂ ಅಜ್ಜಿಯಿಂದ ಕೇಳಿ ಉರುಹೊಡೆದಿದ್ದೆ. ಅವರು ಕೇಳಿದ್ದು “ಮಿಡಿಗೇಶಿ ಆಂಧ್ರಕ್ಕೆ ಸೇರಿದ್ದಲ್ವಾ?” ಎಂದು. ಗಣಿತದ ಮೂವತ್ತೆಂಟನ್ನೂ ಕೇಳಿದರು. ಅಳುಮೋರೆ ಇಲ್ಲದೆ ಉತ್ತರಿಸಿದೆ. ನಕಲುಗಳ ಕಟ್ಟನ್ನು ಬಾಗಿಲ ಬಳಿ ಒಬ್ಬರು ಇಸಕೊಂಡು ರಾಶಿಗೆ ಹಾಕಿದ್ದರು. ಕೆಲಸ ಸಿಕ್ಕಿತು, ಆದರೆ ಅದಲ್ಲ, ಅದರಾಚೆಯದು.

ಈಗ ಅಣ್ಣನ ಮಗಳ ಸರದಿ. 2024ರಲ್ಲಿ ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಕರೆದಾಗ ಪರೀಕ್ಷೆ ಬರೆದಳು. ಅದಕ್ಕೆ ಸಂದರ್ಶನವೇ ಇಲ್ಲ. ಕೇಂದ್ರದ ಸಿ ಗುಂಪಿನ ಹುದ್ದೆಗಳಿಗೂ 2016ರ ಜನವರಿಯಿಂದ ಸಂದರ್ಶನ ತೆಗೆದಿದ್ದಾರೆ. ಮೌಖಿಕದ ಅಂಕದಲ್ಲಿ ಏನೇನು ನಡೆಯುತ್ತಿತ್ತು ಎಂದು ಬಲ್ಲವರಿಗೆ ಇದು ಒಳ್ಳೆಯ ಸುದ್ದಿಯೇ. ಅವಳು ಇಂಟರ್‌ವ್ಯೂಗೆ ತಯಾರಾಗುತ್ತಿರುವುದು ಪಾವಗಡದ ಕಡೆಯ ಖಾಸಗಿ ಕೆಲಸಕ್ಕೆ. ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಎದ್ದ ಮೇಲೆ ಹುಲ್ಲು ಕೀಳುವುದರಿಂದ ಲೆಕ್ಕ ಬರೆಯುವವರೆಗೆ ಅಲ್ಲೊಂದಿಷ್ಟು ಕೆಲಸಗಳಿವೆ. ಮಾರ್ಕ್ಸ್ ಕಾರ್ಡೆಲ್ಲ ಡಿಜಿಲಾಕರಿನಲ್ಲಿ. ಜೆರಾಕ್ಸ್ ಕೇಳಿದರೆ ಪ್ರತಿ ಹಾಳೆಗೂ ತನ್ನದೇ ಸಹಿಯನ್ನು ನಿಂತಲ್ಲೇ ಗೀಚಿಬಿಡುತ್ತಾಳೆ. ಮೊನ್ನೆ ಮಾತ್ರ ಫಾರಂ ತುಂಬುತ್ತಾ ತಡೆದು ನಿಂತಳು.

“ಅತ್ತೆ, ಇಬ್ಬರ ಹೆಸ್ರು, ಫೋನ್ ನಂಬ್ರು ಕೊಡ್ಬೇಕಂತೆ. ನನ್ನ ಚೆನ್ನಾಗಿ ಬಲ್ಲೋರು. ಆದ್ರೆ ಸಂಬಂಧಿಕ್ರಾಗಿರ್ಬಾರ್ದಂತೆ.”

ಚೆನ್ನಾಗಿ ಬಲ್ಲವರು, ಸಂಬಂಧಿಕರಲ್ಲದವರು, ನಮ್ಮೂರಲ್ಲಿ! ಅಣ್ಣ, ಅತ್ತಿಗೆ, ನಾನು ಮೂವರೂ ಕೂತು ಬೀದಿಯ ಈ ತುದಿಯಿಂದ ಎಣಿಸಿದೆವು. ಒಬ್ಬರು ಮಾವನ ಕಡೆ, ಒಬ್ಬರು ಕೊಟ್ಟ ಮನೆಯವರು, ಇನ್ನೊಬ್ಬರಿಗೆ ಮುಂದೆ ನೆಂಟರಾಗುವ ಅಂದಾಜಿದೆ. ಹೈಸ್ಕೂಲಿನ ಮೇಡಮ್ಮು ತುಮಕೂರಿನವರು, ಅವರದು ಬರೆದಾಯಿತು. ಎರಡನೆಯ ಹೆಸರಿಗೆ ಇನ್ನೂ ಹುಡುಕುತ್ತಿದ್ದೇವೆ.