ತಲಪಾಡಿಯ ಆಚೆಗೊಂದು ಪಾಠ

ಕುಂಭಾಶಿಯ ಆನೆಗುಡ್ಡೆ ವಿನಾಯಕನಿಗೆ ಕೈಮುಗಿದು ಮುಂಜಾನೆ ಹೊರಟ ಶಾಲಾ ಪ್ರವಾಸದ ಬಸ್ಸು, ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ಸಾಗಿದರೆ ತಲಪಾಡಿ ತಲುಪುತ್ತದೆ. ಅಲ್ಲಿಗೆ ಕರ್ನಾಟಕ ಮುಗಿಯಿತು. ಕಿಟಕಿಯಾಚೆ ಅದೇ ತೆಂಗು, ಅದೇ ಮುರಕಲ್ಲಿನ ಗೋಡೆ, ಅದೇ ಹಂಚಿನ ಮಾಡು. ಬದಲಾದದ್ದು ಫಲಕಗಳ ಅಕ್ಷರ ಮಾತ್ರ.

ವಿಭಜನೆಗೊಂಡ ನಾಡನ್ನು ನೋಡಲು ವಿದ್ಯಾರ್ಥಿಗಳು ಬರ್ಲಿನ್‌ಗೋ ಕೊರಿಯಾಕ್ಕೋ ಹೋಗಬೇಕಾಗಿಲ್ಲ. ಕಾಸರಗೋಡಿನ ಗಡಿಗೆ ಮುಳ್ಳುತಂತಿಯಿಲ್ಲ, ಪಾಸ್‌ಪೋರ್ಟು ಬೇಡ. ಆದರೂ ಗಡಿ ಗಡಿಯೇ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಈ ರಸ್ತೆಗಳನ್ನು ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ರೋಗಿಗಳು ಈಚೆಗೆ ಬರಲಾಗದೆ ಪರದಾಡಿದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.

1956ರ ಅಕ್ಟೋಬರ್ 31ರವರೆಗೆ ಕುಂದಾಪುರವೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳು. ಮರುದಿನ ಕುಂದಾಪುರ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿದವು. ಚಂದ್ರಗಿರಿ ನದಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲಿಲ್ಲ. ಅದಕ್ಕಾಗಿ ಹೋರಾಡಿದ ಕವಿ, ಅಧ್ಯಾಪಕ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಸ್ಮಾರಕವಿದೆ. ಮುಂದೆ ಕುಂಬಳೆ, ಯಕ್ಷಗಾನದ ಪಾರ್ತಿಸುಬ್ಬನ ಊರು. ಬಡಗುತಿಟ್ಟಿನ ಚೆಂಡೆ ಕೇಳಿ ಬೆಳೆದ ಮಕ್ಕಳಿಗೆ ಇದು ತೆಂಕುತಿಟ್ಟಿನ ನೆಲ. ಮಧೂರಿನಲ್ಲಿ ಮತ್ತೆ ಗಣಪತಿ! ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಳ್ಳುವ ಹೊಳೆಯೇ ಇಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ನೀರಿಗೆ ರಾಜ್ಯಗಳ ಹಂಗಿಲ್ಲ.

ಹೊಳೆ ನೋಡಿ ಹಿಂದಿರುಗುವಾಗ ಬಸ್ಸು ಒಂದು ಕನ್ನಡ ಮಾಧ್ಯಮ ಶಾಲೆಯ ಮುಂದೆ ನಿಂತಿತು. ಅಲ್ಲಿನ ಮಕ್ಕಳಲ್ಲಿ ಹಲವರು ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವವರು. ಇಂಥ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದುಂಟು. ಕುಂದಾಪುರ ಸೀಮೆಯ ಕೆರಾಡಿಯವರಾದ ರಿಷಬ್ ಶೆಟ್ಟಿ 2018ರಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರದಲ್ಲಿ ತೋರಿಸಿದ್ದೂ ಇದೇ ಸಂಕಟವನ್ನು.

ಗೋಡೆಯ ಅಕ್ಷರಮಾಲೆ ನೋಡಿದ ಕುಂಭಾಶಿಯ ಹುಡುಗಿಯೊಬ್ಬಳು ಗೆಳತಿಗೆ, “ಇಲ್ಲೂ ಕನ್ನಡ ಇತ್ತ್ ಮಾರಾಯ್ತಿ!” ಎಂದಳು. ಪಕ್ಕದಲ್ಲಿದ್ದ ಆ ಶಾಲೆಯ ಹುಡುಗಿಯ ಮುಖ ಸಣ್ಣದಾಯಿತು. “ಇತ್ತು ಅಲ್ಲ, ಈಗಲೂ ಉಂಟು” ಎಂದಳು.

ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದೇ ಅರ್ಥ. ಇದನ್ನು ಬಿಡಿಸಿ ಹೇಳಿದಾಗ ಇಬ್ಬರೂ ನಕ್ಕರು. ಆದರೆ ಆ ಹುಡುಗಿ ಅಷ್ಟು ಬೇಗ ನೊಂದದ್ದೇಕೆ ಎಂಬ ಪ್ರಶ್ನೆ ಬಸ್ಸಿನಲ್ಲಿ ಹಿಂದಿರುಗುವವರ ಜೊತೆಗೇ ಬಂತು. ಈಚೆಗಿನ ಮಕ್ಕಳಿಗೆ ಕನ್ನಡ ಕೇಳದೆಯೇ ಸಿಕ್ಕಿದೆ. ಆಕೆಯ ಊರಿನಲ್ಲಿ ಅದನ್ನು ದಿನದಿನವೂ ಉಳಿಸಿಕೊಳ್ಳಬೇಕು.

ಗಡಿಯ ತೀರ್ಮಾನ ಮಕ್ಕಳ ಕೈಯಲ್ಲಿಲ್ಲ; ಗೆಳೆತನ ಇದೆ. ಹೆತ್ತವರು ಮುಂದಿನ ಪ್ರವಾಸಕ್ಕೆ ಒಪ್ಪಿಗೆ ಕೊಡುವಾಗ ಮೈಸೂರು, ಹಂಪಿಗಳ ಜೊತೆ ಕಾಸರಗೋಡಿನ ಒಂದು ಕನ್ನಡ ಶಾಲೆಯನ್ನೂ ನೆನೆಯಲಿ. ಹೋಗಿಬಂದ ಮಕ್ಕಳು ಅಲ್ಲಿಗೊಂದು ಕಾಗದ ಬರೆಯಲಿ. ಅಲ್ಲಿ ಕನ್ನಡ ಕುಂದಾಪುರದ ಅರ್ಥದಲ್ಲೇ ‘ಇತ್ತ್’ ಎನಿಸಲು ಅಷ್ಟಾದರೂ ಬೇಕು.