ಅಪ್ಪನ ಕುರ್ಚಿಯ ಜಾಗ

ಮಡಿಕೇರಿಯಿಂದ ಬರುವಾಗ ಹಿಂದಿನ ಸೀಟಿನಲ್ಲಿ ಕೂಸಿನ ಹಾಗೆ ಕೂರಿಸಿಕೊಂಡು ತಂದ ಗಿಡ. ಮೊಣಕಾಲೆತ್ತರ, ಎಣ್ಣೆ ಸವರಿದಂಥ ದಪ್ಪ ಎಲೆ, ತುದಿಯಲ್ಲಿ ಬಟಾಣಿ ಗಾತ್ರದ ಎರಡು ಮೊಗ್ಗು. ಶಿವಮೊಗ್ಗದ ರಾಗಿಗುಡ್ಡದ ನಮ್ಮ ಅಂಗಳದಲ್ಲಿ ಇಳಿಸಿದ್ದೇ ತಡ, ಅಮ್ಮ ಕೇಳಿದ ಮೊದಲ ಪ್ರಶ್ನೆ: "ಘಮ ಇದೆಯೇನೋ?"

"ಕಮೀಲಿಯಾಗೆ ಸಾಮಾನ್ಯವಾಗಿ ಇರಲ್ಲಮ್ಮ."

"ಘಮ ಇಲ್ಲದ ಹೂವಿಗೆ ಅಷ್ಟು ದೂರದಿಂದ ಪೆಟ್ರೋಲ್ ಸುಟ್ಟೆಯಾ!"

ಮುಡಿಯುವ ಹೂವಲ್ಲ, ನಿಜ. ಆದರೆ ಅಮ್ಮ ದಿನಕ್ಕೆ ಮೂರು ಸಲ ಕುಡಿಯುವ ಚಹಾದ ದಾಯಾದಿ. ಎರಡೂ ಒಂದೇ ಕುಲ. ಮನಿಲಾದಲ್ಲಿ ಔಷಧದ ಅಂಗಡಿ ನಡೆಸಿ 1706ರಲ್ಲಿ ತೀರಿಕೊಂಡ ಕಾಮೆಲ್ ಎಂಬ ಜೆಸ್ಯೂಟ್ ಸನ್ಯಾಸಿಯ ಹೆಸರನ್ನು ಸಸ್ಯವಿಜ್ಞಾನಿ ಲಿನೇಯಸ್ ಈ ಕುಲಕ್ಕೆ ಇಟ್ಟ. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಹಾಗಾದರೆ ಎಲೆ ಕುದಿಸಬಹುದಾ?" ಎಂದಳು.

ಚಳಿ ದೇಶದ ಗಿಡ. ಶಿವಮೊಗ್ಗದ ಏಪ್ರಿಲ್ ಅದಕ್ಕೆ ಬಾಣಲೆ. ಹಾಗಾಗಿ ನೆಲಕ್ಕೆ ಇಳಿಸುವ ಮುಂಚೆ ಒಂದು ವರ್ಷ ಕುಂಡದಲ್ಲೇ ಇಟ್ಟು, ಅಂಗಳದ ತುಂಬ ಅದನ್ನು ಹೊತ್ತು ತಿರುಗಿದೆ. ಹುಡುಗಿಗೆ ಗಂಡಿನ ಮನೆ ನೋಡಿದ ಹಾಗೆ!

ಮೊದಲು ನೋಡಿದ್ದು ಕಾಂಪೌಂಡ್ ಗೋಡೆಯ ಬುಡ. ಗುದ್ದಲಿ ಹಾಕಿದರೆ ಗರಸಿನ ಜೊತೆ ಮನೆ ಕಟ್ಟಿದವರು ಹೂತುಹಾಕಿದ ಗಾರೆಯ ಉಂಡೆಗಳು ಎದ್ದವು. ಕಮೀಲಿಯಾಗೆ ಬೇಕಾದ್ದು ಹುಳಿ ಮಣ್ಣು, ಅಂದರೆ ಪಿಎಚ್ ಐದೂವರೆಯಿಂದ ಆರೂವರೆ. ಸಿಮೆಂಟು ಸುಣ್ಣ ಬಿಡುತ್ತದೆ. ಸುಣ್ಣ ಹೆಚ್ಚಾದರೆ ಬೇರಿಗೆ ಕಬ್ಬಿಣ ದಕ್ಕುವುದಿಲ್ಲ. ಆಗ ಎಳೆಯೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಆ ಜಾಗ ಬೇಡವಾಯಿತು.

ಆಮೇಲೆ ಬಡಗಣ ಗೋಡೆ. ಇಂಗ್ಲಿಷ್ ತೋಟಗಾರಿಕೆ ಪುಸ್ತಕ ಉತ್ತರದ ಗೋಡೆ ವರ್ಷವಿಡೀ ನೆರಳು ಎನ್ನುತ್ತದೆ. ನಂಬಿ ಇಟ್ಟೆ. ಮೇ ತಿಂಗಳ ಮಧ್ಯಾಹ್ನ ನೋಡುತ್ತೇನೆ, ಎಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ ಕಂದು ಕಲೆ. ಶಿವಮೊಗ್ಗ ಇರುವುದು ಹದಿನಾಲ್ಕು ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಸರಿದರೆ ಆಗಸ್ಟ್ ಮಧ್ಯದವರೆಗೆ ಆ ಕಡೆಯಿಂದಲೇ ಇಣುಕುತ್ತಾನೆ. ಲಂಡನ್ನಿನ ನೆರಳನ್ನು ರಾಗಿಗುಡ್ಡದಲ್ಲಿ ಹುಡುಕಿದ ತಪ್ಪು ನನ್ನದು. ಅಂದಿನಿಂದ ಪುಸ್ತಕ ಮುಚ್ಚಿಟ್ಟು, ಗಂಟೆಗೊಮ್ಮೆ ನೆರಳಿನ ಅಂಚಿಗೆ ತೆಂಗಿನ ಚಿಪ್ಪು ಇಡುತ್ತ ಹೋದೆ.

ಚಿಪ್ಪುಗಳೆಲ್ಲ ಸೇರಿ ತೋರಿಸಿದ್ದು ಮನೆಯ ಮೂಡಲ ಮಗ್ಗುಲನ್ನು. ಬೆಳಿಗ್ಗೆ ಪಕ್ಕದ ಮನೆಯ ಹಲಸಿನ ಎಲೆಗಳಲ್ಲಿ ಸೋಸಿದ ಬಿಸಿಲು. ಮಧ್ಯಾಹ್ನದ ಮೇಲೆ ನಮ್ಮ ಮನೆಯದೇ ನೆರಳು. ಇಳಿಜಾರಾದ್ದರಿಂದ ಮಳೆನೀರೂ ನಿಲ್ಲುವುದಿಲ್ಲ. ತೊಡಕು ಒಂದೇ: ಸರಿಯಾಗಿ ಅದೇ ಜಾಗದಲ್ಲಿ ಅಪ್ಪನ ಬೆತ್ತದ ಕುರ್ಚಿ. ನಾನು ಒಂದು ವರ್ಷ ಹುಡುಕಿದ ಜಾಗವನ್ನು ಅವರು ಪತ್ರಿಕೆ ಓದಲೆಂದು ಎಂದೋ ಕಂಡುಕೊಂಡಿದ್ದರು.

ಕೇಳಲು ಸಂಕೋಚ. ಜೂನಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾದ ದಿನ ನೋಡಿದರೆ ಕುರ್ಚಿ ತಾನಾಗಿ ಎರಡು ಮಾರು ಆಚೆ ಹೋಗಿತ್ತು. ಅಪ್ಪ ಏನೂ ಹೇಳಲಿಲ್ಲ, ಪತ್ರಿಕೆಯಿಂದ ತಲೆಯೆತ್ತಲೂ ಇಲ್ಲ.

ಗುಂಡಿಯನ್ನು ಆಳಕ್ಕಿಂತ ಅಗಲವಾಗಿ ತೋಡಿದೆ. ಕಾಂಡದ ಬುಡ ಹೂತರೆ ಈ ಗಿಡ ಉಸಿರುಕಟ್ಟಿ ಸಾಯುತ್ತದೆ. ಅದಕ್ಕೇ ಬೇರಿನ ಮುದ್ದೆಯನ್ನು ನೆಲಮಟ್ಟಕ್ಕಿಂತ ಒಂದು ಬೆರಳು ಮೇಲೆಯೇ ಕೂರಿಸಿದೆ. ಸುತ್ತ ದರಗು ಹರಡಿ, ಕಾಂಡಕ್ಕೆ ತಾಗದಂತೆ ಸರಿಸಿದೆ.

ದೀಪಾವಳಿ ಹೊತ್ತಿಗೆ ಮೊಗ್ಗು ದಪ್ಪಗಾದವು. ಬೇರು ಒಂದು ದಿನ ಒಣಗಿ ಮರುದಿನ ನೆನೆದರೂ ಸಾಕು, ಮೊಗ್ಗು ಉದುರುತ್ತದೆ. ಸಂಜೆ ಕೆಲಸದಿಂದ ಬಂದರೆ ಅಪ್ಪ ಪತ್ರಿಕೆ ಮಡಿಸುತ್ತ ವರದಿ ಒಪ್ಪಿಸುತ್ತಾರೆ.

"ನಿನ್ನೆ ಹನ್ನೊಂದಿತ್ತು, ಇವತ್ತು ಹತ್ತು."

ಉದುರಿದ್ದನ್ನು ಕನ್ನಡಕದ ಡಬ್ಬಿಯಲ್ಲಿ ಎತ್ತಿಟ್ಟಿದ್ದರು.